ಕಲಾವಿದರು, ಕೈಕೆಲಸದವರು ತಮ್ಮ ಕೆಲಸದ ಬಗ್ಗೆ ಮಾತಾಡುವಾಗ ಏನು ಕೇಳಬೇಕು?

ನೂಲೆಳೆ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಒಂದು ಸಂಜೆಯ ಮಾತುಕತೆಗೆ ಹೋಗಿದ್ದೆ. ವೇದಿಕೆಯ ಮೇಲೆ ಇಬ್ಬರಿದ್ದರು. ಒಬ್ಬರು ಬೆಂಗಳೂರಿನ ಇನ್‌ಸ್ಟಲೇಶನ್ (ವಸ್ತುಗಳನ್ನು ಜಾಗದಲ್ಲಿ ಜೋಡಿಸಿ ಮಾಡುವ ಕಲೆ) ಕಲಾವಿದೆ, ಇನ್ನೊಬ್ಬರು ಬೀದರಿನ ಬಿದರಿ ಕೆಲಸದವರು, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸಿ ಸಾಮಾನು ಮಾಡುವವರು. ನಡೆಸಿಕೊಡುತ್ತಿದ್ದವರು ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿದರು: "ನಿಮ್ಮ ಕಲೆಗೆ ಸ್ಫೂರ್ತಿ ಏನು?" ಕಲಾವಿದೆ ಹತ್ತು ನಿಮಿಷ ಮಾತಾಡಿದರು. ಬಿದರಿಯವರು ಮೈಕು ತಗೊಂಡು, "ನಮ್ಮ ತಂದೆ ಮಾಡ್ತಿದ್ರು, ನಾನೂ ಮಾಡ್ತೀನಿ" ಅಂತ ಹೇಳಿ ಮೈಕು ವಾಪಸು ಕೊಟ್ಟರು. ಸಭೆಯಲ್ಲಿ ಕೆಲವರು ನಕ್ಕರು. ಆ ನಗು ನನಗೆ ಇವತ್ತಿಗೂ ಚುಚ್ಚುತ್ತಿದೆ.

ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, "ಕಪ್ಪು ಬರಿಸೋಕೆ ಹಚ್ಚುವ ಕೋಟೆ ಮಣ್ಣು ಸರಿ ಇದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತೆ?" ಅಂದಳು. ಅಲ್ಲಿಯವರೆಗೆ ಕೈಕಟ್ಟಿ ಕೂತಿದ್ದ ಮನುಷ್ಯ ಚೀಲಕ್ಕೆ ಕೈಹಾಕಿದರು. ಕಾಗದದ ಪೊಟ್ಟಣ ಬಿಚ್ಚಿ ಚಿಟಿಕೆ ಮಣ್ಣು ನಾಲಿಗೆಯ ಮೇಲಿಟ್ಟುಕೊಂಡರು. ಆಮೇಲೆ ಮುಕ್ಕಾಲು ಗಂಟೆ ಅವರದೇ ಮಾತು. ಯಾವ ಮಣ್ಣು ಕೈಕೊಟ್ಟಿತು, ಯಾವ ಹೂಜಿ ಮಬ್ಬು ಬೂದಿ ಬಣ್ಣಕ್ಕೆ ನಿಂತುಬಿಟ್ಟಿತು, ಅದನ್ನು ಮತ್ತೆ ಉಜ್ಜಿ ಮೊದಲಿನಿಂದ ಶುರುಮಾಡಿದ್ದು, ಎಲ್ಲ ಬಂತು. ಹಾಲ್‌ನವರು ಬಂದು ದೀಪ ಆರಿಸಬೇಕು ಅಂದಾಗಲೇ ನಾವು ಎದ್ದದ್ದು.

ನಮ್ಮ ಬಡಾವಣೆಯ ಗ್ರಂಥಾಲಯದ ಕೋಣೆಯಲ್ಲಿ ಇಂಥ ನಾಲ್ಕು ಕೂಟ ಮಾಡಬೇಕು ಅಂತಿದ್ದೇನೆ. ಮೂವತ್ತು ಜನ ಹಿಡಿಸುತ್ತಾರೆ. ನಿಮ್ಮಲ್ಲಿ ಕೈಕೆಲಸದ ಮನೆಯವರಿದ್ದೀರಿ, ಚಿತ್ರ ಮಾಡುವವರಿದ್ದೀರಿ. ಏನು ಕೇಳಿದರೆ ಮಾತು ಬರುತ್ತದೆ, ಏನು ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ? ದಯವಿಟ್ಟು ನಿಮಗೆ ಆದದ್ದನ್ನು ಬರೆಯಿರಿ.

ಕೋಟೆಮಣ್ಣು (ಬೀದರ್)

ಅಕ್ಕಾ, ಆ ಹುಡುಗಿ ಕೇಳಿದ್ದು ಯಾಕ ಅಷ್ಟು ಛಲೋ ಪ್ರಶ್ನೆ ಅಂತ ಹೇಳ್ತೀನಿ. ಬಿದರಿ ಸಾಮಾನಿನ ಎಲ್ಲಾ ಕೆಲಸ ಕಡೀ ಹತ್ತು ನಿಮಿಷದ ಮ್ಯಾಲ ನಿಂತದ. ಸುಮಾರು 16 ಪಾಲು ಸತು, 1 ಪಾಲು ತಾಮ್ರ ಕರಗಿಸಿ ಮಣ್ಣಿನ ಅಚ್ಚಿನಾಗ ಎರಕ ಹೊಯ್ತಾರ. ಅರದಿಂದ ತಿಕ್ಕಿ ನುಣ್ಣಗ ಮಾಡ್ತಾರ. ಮೈಲುತುತ್ತದ ನೀರು ಹಚ್ಚಿದ್ರ ತಾತ್ಕಾಲಿಕ ಕಪ್ಪು ಬರ್ತದ, ಯಾಕಂದ್ರ ಬೆಳ್ಳಗಿನ ಲೋಹದ ಮ್ಯಾಲ ಗೆರೆ ಕಾಣಂಗಿಲ್ಲ. ಆ ಕಪ್ಪಿನ ಮ್ಯಾಲ ಕೈಯಿಂದಲೇ ಹೂಬಳ್ಳಿ ಬರದು, ಉಳಿಯಿಂದ ಕೊರದು, ಆ ಕೊರೆದ ಜಾಗದಾಗ ಬೆಳ್ಳಿ ತಂತಿ ಇಟ್ಟು ಬಡೀತಾರ. ಮತ್ತ ಅರ ಹಾಕಿ ತಿಕ್ಕಿದ ಮ್ಯಾಲ ಆ ಕಪ್ಪೂ ಹೋಗ್ತದ. ಆವಾಗ ಬೆಳ್ಳಿ ಯಾವುದು ಸತು ಯಾವುದು ಅಂತ ಕಣ್ಣಿಗೆ ಹತ್ತಂಗಿಲ್ಲ, ಎಲ್ಲಾ ಒಂದೇ ಬಿಳುಪು.

ಕಡೀಗೆ ಕೋಟೆಯ ಹಳೇ ಮಣ್ಣು, ನವಸಾಗರ, ನೀರು ಕಲಸಿ ಬೆಚ್ಚಗ ಮಾಡಿದ ಸಾಮಾನಿಗೆ ಹಚ್ಚಿ ತಿಕ್ಕಿದ್ರ ಸತುವಿನ ಭಾಗ ಮಾತ್ರ ಕರ್ರಗ ಆಗ್ತದ, ಬೆಳ್ಳಿ ಹಂಗೇ ಹೊಳೀತದ. ಮ್ಯಾಲ ಎಣ್ಣಿ ಒರಸ್ತಾರ. ವಾರಗಟ್ಟಲೆ ಮಾಡಿದ ಕೆಲಸ ಕಂಡಿದ್ದು ಆಗ. ಬಿಸಿಲು ಮಳಿ ಬೀಳದ ಜಾಗದ ಮಣ್ಣೇ ಬೇಕು, ಅದರ ಖಾರ ನಾಲಿಗೆಗೆ ಗೊತ್ತಾಗ್ತದ. ಅಂದ್ರ ಆಕಿ ಕೇಳಿದ್ದು ಅವರ ಭಯದ ಜಾಗ. ಅದಕ್ಕೇ ಅಷ್ಟು ಮಾತು ಬಂತು.

ಇನ್ನೊಂದು ಮಾತು. ನಮ್ಮ ಕಡೆ ಬಹಳ ಮಂದಿ ಬಿದರಿಯವರ ಮನಿ ಮಾತು ದಖನಿ ಉರ್ದು. ಕನ್ನಡ ಬರ್ತದ, ಆದ್ರ ಕೆಲಸದ ಮಾತೆಲ್ಲ ದಖನಿಯಾಗ ಅವ. ತಂತಿ ಕೂಡಿಸೋದಕ್ಕ ತಾರಕಶಿ ಅಂತಾರ, ತಗಡು ಕೂಡಿಸೋದಕ್ಕ ತೆಹನಿಶಾನ್ ಅಂತಾರ. ಒಂದು ಕಾರ್ಯಕ್ರಮದಾಗ ಒಬ್ಬ ಹಿರಿಯರು ಐದು ನಿಮಿಷ ದಖನಿಯಾಗ ಹೇಳಿದ್ದನ್ನ ಅನುವಾದ ಮಾಡವ್ರು "ತುಂಬಾ ಶ್ರಮ ಇದೆ ಅಂತಿದ್ದಾರೆ" ಅಂತ ಮುಗಿಸಿಬಿಟ್ರು. ನನಗ ಅಳು ಬಂದಿತ್ತು. 2023ರಾಗ ಬಿದರಿ ಕೆಲಸದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗಿಂದ ಬಿದರಿ ಬಗ್ಗೆ ಕೇಳೋ ಮಂದಿ ಹೆಚ್ಚಾಗ್ಯಾರ, ಸಂತೋಷ. ಕೇಳೋರು ಪೂರ್ತಿ ಕೇಳಬೇಕು. ನೀವು ಕರೆಸೋದಾದ್ರ ದಖನಿ ಬರೋರೊಬ್ರನ್ನ ಬಾಜೂಕ್ಕ ಕೂಡಿಸ್ರಿ.

ಕುಣಿಮಗ್ಗ (ಇಳಕಲ್)

ನಮ್ಮಪ್ಪ ನಲವತ್ತು ವರ್ಷದಿಂದ ನೇಯ್ತಾನ. ಯಾರರ ಬಂದು "ಹೆಂಗ ನೇಯ್ತೀರಿ ಹೇಳ್ರಿ" ಅಂದ್ರ "ಹೇಳೋದೇನೈತಿ, ಕುಂದ್ರು, ನೋಡು" ಅಂತಾನ. ಸಿಟ್ಟಿನಿಂದ ಅಲ್ಲರಿ. ಕಾಲು ಮಗ್ಗದ ಕುಣಿಯೊಳಗ ಇಳಿಬಿಟ್ಟು ಕುಂತಾಗ ಮಾತ್ರ ಅವಗ ಮಾತು ಬರ್ತಾವ. ಖುರ್ಚಿ ಮ್ಯಾಲ ಕುಂದ್ರಿಸಿದ್ರ ಬರಂಗಿಲ್ಲ. ನನ್ನ ಸಲಹೆ ಇಷ್ಟ: ವೇದಿಕಿ ಹಾಕಬ್ಯಾಡ್ರಿ. ಅವರ ಜಾಗಾಕ್ಕ ನೀವು ಹೋಗ್ರಿ.

ಬಿಳಿಗೋಡೆ (ಬೆಂಗಳೂರು)

ನೂಲೆಳೆ ಅವರೇ, ನಾನು ಆ ಇನ್ನೊಂದು ಕುರ್ಚಿಯಲ್ಲಿ ಕೂರುವ ಪೈಕಿ. ಆ ಸಂಜೆಯ ಕಲಾವಿದೆ ನಾನಲ್ಲ, ಆದರೆ ಅವರ ಹತ್ತು ನಿಮಿಷದ ಮಾತು ನನಗೂ ಬಾಯಿಪಾಠ. ಅದು ಎಲ್ಲಿಂದ ಬರುತ್ತದೆ ಅಂತ ಹೇಳಬೇಕು ಅನ್ನಿಸಿತು.

ಕಾಲೇಜು ಮುಗಿದ ಮೇಲೆ ಯಾವ ಅನುದಾನಕ್ಕೆ, ಯಾವ ರೆಸಿಡೆನ್ಸಿಗೆ (ಬೇರೆ ಕಡೆ ಇದ್ದು ಕೆಲಸ ಮಾಡುವ ಅವಕಾಶ) ಅರ್ಜಿ ಹಾಕಿದರೂ ಮುನ್ನೂರು ಪದದಲ್ಲಿ ನಿಮ್ಮ ಕಲೆಯ ಬಗ್ಗೆ ಬರೆಯಿರಿ ಅನ್ನುತ್ತಾರೆ, ಅದೂ ಇಂಗ್ಲಿಷಿನಲ್ಲಿ. ನೆನಪು, ದೇಹ, ಅಸ್ಮಿತೆ, ಅವಕಾಶ ಅಂತ ಒಂದಷ್ಟು ಪದಗಳನ್ನು ಕಲಿಯುತ್ತೇವೆ. ಹತ್ತು ವರ್ಷ ಬರೆದ ಮೇಲೆ ಕನ್ನಡದಲ್ಲಿ ಕೇಳಿದರೂ ಬಾಯಿಗೆ ಬರುವುದು ಅದೇ. ಸ್ಟುಡಿಯೋದಲ್ಲಿ ನಿಜವಾಗಿ ಆಗುವುದು ಬೇರೆ. ಮೊನ್ನೆ ಮೂರು ದಿನ ನಾನು ಮಾಡಿದ ಕೆಲಸ ಅಂದರೆ ಕಾಗದದ ತಿರುಳು ಒಣಗುವಾಗ ಅಂಚು ಯಾಕೆ ಸುರುಳಿಯಾಗುತ್ತಿದೆ ಅಂತ ನೋಡಿದ್ದು. ಹೊದಿಸಿದ ಬಟ್ಟೆ ತೀರ ತೆಳುವಾಗಿತ್ತು. ಇದನ್ನು ವೇದಿಕೆಯ ಮೇಲೆ ಹೇಳಿದರೆ ಸಣ್ಣದಾಗಿ ಕಾಣುತ್ತೇನೇನೋ ಅನ್ನುವ ಹೆದರಿಕೆ ನನಗಿದೆ. ಬಿದರಿಯವರಿಗೆ ಆ ಹೆದರಿಕೆ ಇರಲಿಲ್ಲ.

ನಮ್ಮವರೇ ಆದ ಕಲಾವಿದೆ ಶೀಲಾ ಗೌಡ ಅವರ ಕೆಲಸ ನೋಡಿ. ಭದ್ರಾವತಿಯಲ್ಲಿ ಹುಟ್ಟಿ, ಕೆನ್ ಕಲಾಶಾಲೆಯಲ್ಲಿ, ಶಾಂತಿನಿಕೇತನದಲ್ಲಿ, ಲಂಡನ್ನಿನಲ್ಲಿ ಓದಿದವರು. 1990ರ ದಶಕದಲ್ಲಿ ಅವರು ಹಿಡಿದದ್ದು ಸಗಣಿ, ದಾರ, ಕುಂಕುಮ. 1998ರ ಒಂದು ಕೃತಿಯಲ್ಲಿ ಉದ್ದನೆಯ ದಾರಗಳನ್ನು ಒಂದೊಂದಾಗಿ ಸೂಜಿಯ ಕಣ್ಣಲ್ಲಿ ಪೋಣಿಸಿ, ಎಲ್ಲವನ್ನೂ ಸೇರಿಸಿ ಕುಂಕುಮ ಮತ್ತು ಗೋಂದಿನಿಂದ ಅಂಟಿಸಿ ಕೆಂಪು ಹಗ್ಗ ಮಾಡಿದರು. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ಇದೆ. 2009ರ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ತೋರಿಸಿದ ಕೆಲಸಕ್ಕೆ ಬಳಸಿದ್ದು ಮನುಷ್ಯರ ಕೂದಲಿನ ಹಗ್ಗ, ಕಾರಿನ ಬಂಪರು. ದೃಷ್ಟಿ ಆಗದಿರಲಿ ಅಂತ ನಮ್ಮ ಡ್ರೈವರುಗಳು ಗಾಡಿಗೆ ಕಟ್ಟುತ್ತಾರಲ್ಲ, ಆ ಹಗ್ಗ. ಇಂಥ ಕೆಲಸದ ಮುಂದೆ ನಿಂತು "ಇದರ ಅರ್ಥ ಏನು" ಅಂತ ಕೇಳುವವರೇ ಹೆಚ್ಚು. ಕುಂಕುಮ ದಾರಕ್ಕೆ ಹೇಗೆ ಹಿಡಿಯಿತು, ಎಷ್ಟು ದಿನ ಬೇಕಾಯಿತು, ಕೈ ಎಷ್ಟು ದಿನ ಕೆಂಪಗಿತ್ತು ಅಂತ ಕೇಳಿದರೆ ಅರ್ಥಕ್ಕೂ ಅದೇ ದಾರಿಯಾಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಬೆಂಗಳೂರಿನಲ್ಲಿ ಒಳ್ಳೆಯ ಜಾಗಗಳಿಲ್ಲ ಅಂತಲ್ಲ. ಶಾಂತಿನಗರದ 1 ಶಾಂತಿರೋಡ್ ಎಂಬ ಕಲಾವಿದರ ಜಾಗದಲ್ಲಿ ಸುರೇಶ್ ಜಯರಾಮ್ ಅವರು ಎಷ್ಟೋ ವರ್ಷಗಳಿಂದ ಕಲಾವಿದರ ಸ್ಲೈಡ್ ಮಾತುಕತೆ ನಡೆಸಿಕೊಂಡು ಬಂದಿದ್ದಾರೆ. ಮನೆಯ ಅಂಗಳದಲ್ಲಿ ಕೂತಂತೆ ಕೂತು ಕೇಳಬಹುದು. ಧಾರವಾಡದಲ್ಲೂ ಅಂಥದ್ದೊಂದು ಆಗಲಿ. ನನ್ನಂಥವರನ್ನು ಕರೆದರೆ ಒಂದು ಷರತ್ತು ಹಾಕಿ: ಕೆಟ್ಟುಹೋದ ಒಂದು ಕೆಲಸವನ್ನು ಕೈಯಲ್ಲಿ ಹಿಡಿದುಕೊಂಡೇ ಬರಬೇಕು.

ಹಾಲೆಮರ (ಚನ್ನಪಟ್ಟಣ)

ಎಲ್ಲರೂ ಮಾತಾಡಿಸಿ ಮಾತಾಡಿಸಿ ಅಂತಿದ್ದೀರಿ. ನಾನು ಬೇರೆ ಥರ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನಮ್ಮದು ಗೊಂಬೆ ಕೆಲಸದ ಮನೆ. ಮೂರು ವರ್ಷದ ಹಿಂದೆ ಒಂದು ತಂಡ ಬಂತು. ಕ್ಯಾಮೆರಾ ಇತ್ತು, ನೋಟ್‌ಬುಕ್ ಇತ್ತು, ಬಹಳ ಗೌರವದಿಂದ ಮಾತಾಡಿದ್ರು. ನಮ್ಮಪ್ಪ ಬಿಚ್ಚು ಮನಸ್ಸಿನಿಂದ ಎಲ್ಲಾ ತೋರಿಸಿದರು. ಹಾಲೆ ಮರ ಎಷ್ಟು ತಿಂಗಳು ಒಣಗಬೇಕು, ಲೇತ್‌ನಲ್ಲಿ ಮರ ತಿರುಗ್ತಿರುವಾಗಲೇ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಹೇಗೆ ಹಿಡಿಯುತ್ತೆ, ಆಮೇಲೆ ಕೇದಗೆ ಎಲೆ ಹಿಡಿದು ಹೇಗೆ ಹೊಳಪು ತರೋದು, ಎಲ್ಲಾ. ಆಗ ಅಪ್ಪ ಹೊಸದಾಗಿ ಒಂದು ಮಕ್ಕಳ ಗಿಲಕಿ ಮಾಡ್ತಾ ಇದ್ದರು. ಮೂರು ಬಳೆ ಒಂದರೊಳಗೊಂದು ಸಿಕ್ಕೊಂಡು ಓಡಾಡೋ ಥರ. ಅದಕ್ಕೆ ಆರು ತಿಂಗಳು ತಲೆ ಕೆಡಿಸಿಕೊಂಡಿದ್ರು. ಅದನ್ನೂ ತೋರಿಸಿದರು. ಮುಂದಿನ ದಸರಾ ಹೊತ್ತಿಗೆ ಅದೇ ಗಿಲಕಿ ಬೇರೆ ಮರದಲ್ಲಿ, ಸ್ಪ್ರೇ ಬಣ್ಣದಲ್ಲಿ, ಅರ್ಧ ಬೆಲೆಗೆ ಮಾರಾಟಕ್ಕೆ ಬಂತು. ಬಂದ ತಂಡದವರೇ ಕೊಟ್ಟರೋ, ವಿಡಿಯೋ ನೋಡಿ ಇನ್ಯಾರೋ ಮಾಡಿದರೋ ಗೊತ್ತಾಗಲಿಲ್ಲ. ಅಪ್ಪ ಒಂದು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ.

ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಿಕೆ ಇದೆ, ಹೌದು. ಅದು ಕಾಯೋದು ಹೆಸರನ್ನ. ನಮ್ಮಪ್ಪ ಯೋಚಿಸಿ ಮಾಡಿದ ಆಕಾರವನ್ನ ಅದು ಕಾಯಲ್ಲ. ಕೇಳೋರಿಗೆ ಅದೊಂದು ಚೆಂದದ ಸಂಜೆ. ಹೇಳೋರಿಗೆ ಅದು ಅನ್ನ. ಇದನ್ನ ಮರೀಬೇಡಿ.

ನೂಲೆಳೆ (ಧಾರವಾಡ)

ಓದಿ ತುಂಬ ಹೊತ್ತು ಸುಮ್ಮನೆ ಕೂತೆ. ಇದು ನನಗೆ ಹೊಳೆದೇ ಇರಲಿಲ್ಲ. ನಾನು ಪ್ರತಿ ಕೂಟವನ್ನೂ ವಿಡಿಯೋ ಮಾಡಿ ಹಾಕಬೇಕು ಅಂತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ.

ಕರಿಕೋಟು (ಮೈಸೂರು)

ವಕೀಲನಾಗಿ ಎರಡು ಮಾತು. ಹೊಸ ಆಕಾರಕ್ಕೆ 2000ರ ವಿನ್ಯಾಸ ಕಾಯ್ದೆಯಡಿ ನೋಂದಣಿ ಮಾಡಿಸಬಹುದು. ಮೊದಲು 10 ವರ್ಷದ ರಕ್ಷಣೆ, ಆಮೇಲೆ ಇನ್ನೂ 5 ವರ್ಷ ಮುಂದುವರಿಸಬಹುದು. ಆದರೆ ಅರ್ಜಿ ಹಾಕುವ ಮೊದಲೇ ಅದನ್ನು ನಾಲ್ಕು ಜನರ ಮುಂದೆ ಬಹಿರಂಗ ಮಾಡಿದ್ದರೆ ಅದು ಹೊಸದು ಅನ್ನಿಸಿಕೊಳ್ಳುವುದಿಲ್ಲ, ನೋಂದಣಿ ಬಿದ್ದುಹೋಗುತ್ತದೆ. ವಿಡಿಯೋ ಹಾಕಿದರಂತೂ ದಿನಾಂಕ ಸಮೇತ ಸಾಕ್ಷಿ ಸಿಕ್ಕ ಹಾಗೆ. ಆದ್ದರಿಂದ ಕೂಟಕ್ಕೆ ಬರುವವರಿಗೆ ಮೊದಲೇ ಹೇಳಿ: ಈಗಾಗಲೇ ಮಾರಾಟಕ್ಕೆ ಬಂದಿರುವ ವಸ್ತುಗಳನ್ನು ಮಾತ್ರ ತನ್ನಿ, ಮಾಡುತ್ತಿರುವ ಹೊಸದನ್ನು ಮನೆಯಲ್ಲೇ ಬಿಡಿ. ಹಾಲೆಮರ ಅವರೇ, ಆ ಗಿಲಕಿಗೆ ಈಗ ಕಷ್ಟ. ಮುಂದಿನದಕ್ಕೆ ನನ್ನನ್ನು ಕೇಳಿ, ಶುಲ್ಕ ಬೇಡ.

ಚೌಕಿ (ಉಡುಪಿ)

ನಮ್ಮಲ್ಲಿ ಇದಕ್ಕೆ ಹಳೆಯ ಜಾಗವೇ ಉಂಟು. ಯಕ್ಷಗಾನ ಮೇಳದ ಚೌಕಿ, ಅಂದರೆ ವೇಷ ಕಟ್ಟುವ ಜಾಗ. ಸಣ್ಣವನಿದ್ದಾಗ ಆಟಕ್ಕಿಂತ ಚೌಕಿಗೇ ನಾನು ಹೆಚ್ಚು ಹೋದದ್ದು. ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚುಟ್ಟಿ, ಅಂದರೆ ಬಿಳಿಯ ಉಬ್ಬು ಚುಕ್ಕಿಗಳ ಸಾಲು, ಇಡಲಿಕ್ಕೆ ಕೂತರೆ ಗಂಟೆಗಟ್ಟಲೆ ಏಳಲಿಕ್ಕಿಲ್ಲ. ಒಂದು ಸಾಲು ಒಣಗಿದ ಮೇಲೆ ಇನ್ನೊಂದು. ಆ ಹೊತ್ತಿಗೆ ನಾವು ಹುಡುಗರು ಸುತ್ತ ಕೂತರೆ ಏನೂ ಹೇಳುವುದಿಲ್ಲ. ಕೇಳಬೇಕಾದ್ದು ಕೇಳಬೇಕಾದ ಹೊತ್ತಿಗೆ ಕೇಳಬೇಕು, ಬಾಯಿಯ ಹತ್ತಿರ ಚುಟ್ಟಿ ಇಡುವಾಗ ಕೇಳಿದರೆ ಬೈಗಳು ಗ್ಯಾರಂಟಿ. ಕನ್ನಡಿಯಲ್ಲೇ ನಮ್ಮನ್ನು ನೋಡಿ ಉತ್ತರ ಹೇಳುತ್ತಿದ್ದರು ಮಾರಾಯ್ರೆ. ಮುಖಕ್ಕೆ ಮುಖ ಕೊಟ್ಟು ಕೂತಿದ್ದರೆ ಅಷ್ಟು ಹೇಳುತ್ತಿರಲಿಲ್ಲ ಅಂತ ಈಗ ತೋರುತ್ತದೆ.

ಈಗ ನನ್ನದು ಧ್ವನಿಮುದ್ರಣದ ಕೆಲಸ. ಹಾಗಾಗಿ ಒಂದು ಉಪಯೋಗದ ಮಾತು: ಕುಶಲಕರ್ಮಿಗಳ ಮಾತು ಮುದ್ರಿಸುವಾಗ ಹೆಚ್ಚಿನವರು ಕೆಲಸ ನಿಲ್ಲಿಸಿ ಅಂತಾರೆ, ಸದ್ದು ಬರ್ತದೆ ಅಂತ. ನಿಲ್ಲಿಸಬೇಡಿ. ಒಂದು ಮೈಕು ಎದೆಗೆ, ಇನ್ನೊಂದು ಕೈಯ ಹತ್ತಿರ ಇಡಿ. ಸುತ್ತಿಗೆ ನಿಂತಾಗ ಮಾತು ಬರ್ತದೆ, ಮಾತು ನಿಂತಾಗ ಸುತ್ತಿಗೆ ಬರ್ತದೆ. ಅವರೇ ಆ ಲೆಕ್ಕ ಇಟ್ಟುಕೊಳ್ತಾರೆ. ವಿಡಿಯೋ ಬೇಡ ಅಂದರೆ ಧ್ವನಿ ಮಾತ್ರ ಸಾಕಲ್ಲ? ಆಕಾರ ಯಾರಿಗೂ ಕಾಣುವುದಿಲ್ಲ, ಹಾಲೆಮರ ಅವರ ಚಿಂತೆಗೂ ಸ್ವಲ್ಪ ಪರಿಹಾರ.

ಹಾಲೆಮರ (ಚನ್ನಪಟ್ಟಣ)

ಧ್ವನಿ ಮಾತ್ರ ಅಂದ್ರೆ ಒಪ್ಪಬಹುದು. ಅಪ್ಪ ಉಳಿಯ ಸದ್ದಲ್ಲೇ ಮರ ಹಸಿ ಇದೆಯೋ ಒಣಗಿದೆಯೋ ಹೇಳ್ತಾರೆ. ಅದನ್ನ ಯಾರೂ ಕದಿಯೋಕಾಗಲ್ಲ.

ಕೋಟೆಮಣ್ಣು (ಬೀದರ್)

ಕೂಲಿ ಬಗ್ಗೆ ಯಾರೂ ಹೇಳಲಿಲ್ಲ. ಮಾತಿಗೆ ಬಂದ ದಿನ ಅವರ ಕೆಲಸ ನಿಂತಿರ್ತದ. ಬೀದರಿನಿಂದ ಧಾರವಾಡಕ್ಕ ಬಂದು ಹೋಗೋದಂದ್ರ ಎರಡು ದಿನ ಖರ್ಚು. ಶಾಲು, ಹಾರ, ನೆನಪಿನ ಕಾಣಿಕೆ ಇದ್ಯಾವುದೂ ಬ್ಯಾಡ. ಆ ದಿನದ ದುಡಿಮಿ, ಬಸ್ ಚಾರ್ಜು, ಊಟ. ಇಷ್ಟು ಕವರಿನಾಗ ಹಾಕಿ ಬಂದ ಕೂಡ್ಲೇ ಕೈಗೆ ಕೊಡ್ರಿ. ಮುಗಿದ ಮ್ಯಾಲ ಕೊಡ್ತೀವಿ ಅಂದ್ರ ಅವರ ಲಕ್ಷ್ಯ ಅತ್ತ ಕಡೆ ಇರ್ತದ.

ಗವಂಟಿ (ಹುಬ್ಬಳ್ಳಿ)

ನಾ ಕಸೂತಿ ಕಲಸ್ತೀನ್ರಿ, ಇಪ್ಪತ್ತೆರಡು ವರ್ಷ ಆತು. ಎಲ್ಲಾರದೂ ಓದಿದೆ. ಒಂದು ಪ್ರಶ್ನೆ ನನಗ ಯಾರೂ ಇವತ್ತಿನ ತನಕ ಕೇಳಿಲ್ಲ, ಅದನ್ನ ಇಲ್ಲೆ ಹೇಳ್ತೀನಿ.

ಕಸೂತಿಯೊಳಗ ಅರಿವಿ ಮ್ಯಾಲ ಪೆನ್ಸಿಲ್ಲಿನಿಂದ ಬರಿಯೂದಿಲ್ಲ. ಎಳಿ ಎಣಿಸಿ ಹಾಕೂದು. ಗಂಟೂ ಹಾಕೂದಿಲ್ಲ. ಗವಂಟಿ, ಮುರಗಿ ಹೊಲಿಗಿ ಮುಂದೂ ಹಿಂದೂ ಒಂದ ಥರ ಕಾಣಬೇಕು. ಹೋಗೂವಾಗ ಒಂದು ಬಿಟ್ಟು ಒಂದು ಟಾಕಿ (ಹೊಲಿಗಿ) ಹಾಕಿಕೋತ ಹೋಗ್ತೀವಿ. ತಿರುಗಿ ಬರೂವಾಗ ಬಿಟ್ಟಿದ್ದನ್ನ ತುಂಬಿಕೋತ ಬಂದು, ಎಲ್ಲೆ ಸುರು ಮಾಡಿದ್ವೋ ಅಲ್ಲೇ ಬಂದು ಮುಟ್ಟಬೇಕು. ಹಂಗಾಗಿ ಗೋಪುರ ಇರಲಿ, ತೇರು ಇರಲಿ, ಆನಿ ಅಂಬಾರಿ ಇರಲಿ, ಸೂಜಿ ಹಚ್ಚೂ ಮೊದಲ ಪೂರ್ತಿ ದಾರಿ ತಲ್ಯಾಗ ಇರಬೇಕಾಗ್ತದ. ಹೋಗೂವಾಗ ಎಲ್ಲೆ ಕವಲು ಒಡಿಯೂದು, ಆ ಕವಲಿನಿಂದ ಹೆಂಗ ವಾಪಸ್ ಬರೂದು. ತಪ್ಪಿದ್ರ ಇಡೀ ಸಾಲು ಬಿಚ್ಚಬೇಕು.

ಎಲ್ಲಾರೂ "ಎಷ್ಟು ತಾಳ್ಮೀರಿ ನಿಮಗ" ಅಂತಾರ. ತಾಳ್ಮಿ ಎಲ್ಲಾ ಹೆಣ್ಮಕ್ಕಳಿಗೂ ಅದ, ಇರಲೇಬೇಕಾಗ್ಯದ. ನಾ ತಲ್ಯಾಗ ಆ ದಾರಿ ಹೆಂಗ ಹಾಕ್ತೀನಿ ಅಂತ ಕೇಳ್ರಿ. ಅದು ಲೆಕ್ಕ. ನಮ್ಮವ್ವ ಸಾಲಿಗೆ ಹೋದಾಕಿ ಅಲ್ಲ, ಆದ್ರ ಇಂಥಾ ಲೆಕ್ಕದೊಳಗ ಆಕಿನ್ನ ಮೀರಿಸೂದು ನನಗ ಇನ್ನೂ ಆಗಿಲ್ಲ.

ನೂಲೆಳೆ ಅವರ, ನಾ ಹುಬ್ಬಳ್ಳಿಯಾಕಿ, ಧಾರವಾಡ ಅಂದ್ರ ಅರ್ಧ ತಾಸು. ಮೊದಲನೇ ಕೂಟಕ್ಕ ನಾ ಬರ್ತೀನಿ.

ನೂಲೆಳೆ (ಧಾರವಾಡ)

ಗವಂಟಿ ಅಕ್ಕಾ, ಕಣ್ಣು ತುಂಬಿ ಬಂತು. ಖಂಡಿತ ಬನ್ನಿ. ದಿನ ಗೊತ್ತುಮಾಡಿ ತಿಳಿಸುತ್ತೇನೆ.

ಬಿಳಿಗೋಡೆ (ಬೆಂಗಳೂರು)

"ತಾಳ್ಮೆ" ಅನ್ನುವ ಹೊಗಳಿಕೆಯ ಬಗ್ಗೆ ಗವಂಟಿ ಅವರು ಬರೆದದ್ದನ್ನು ನನ್ನ ಸ್ಟುಡಿಯೋದ ಗೋಡೆಗೆ ಬರೆದು ಅಂಟಿಸಿದ್ದೇನೆ. ನಾನೂ ಎಷ್ಟೋ ಜನಕ್ಕೆ ಹಾಗೇ ಅಂದಿದ್ದೆ.

ಕುಣಿಮಗ್ಗ (ಇಳಕಲ್)

ಗವಂಟಿ ಅಕ್ಕಾರು ಬರದದ್ದು ಓದಿ ನನಗೊಂದು ಹೊಳೀತು. ಇಷ್ಟು ದಿನ ನಮ್ಮನಿಗೆ ಬಂದಾವ್ರೆಲ್ಲಾ ಅಪ್ಪನ್ನ ಮಾತಾಡಿಸಿ ಹೋಗ್ಯಾರ. ಇಳಕಲ್ ಸೀರಿ ಅಂದ್ರ ಸೆರಗು, ಸೆರಗು ಅಂದ್ರ ಕೊಂಡಿ. ಒಡಲಿನ ಹಾಸು (ಮಗ್ಗಕ್ಕ ಹಾಕೋ ಉದ್ದನ ಎಳಿ) ಬ್ಯಾರೆ, ಸೆರಗಿನ ಕೆಂಪು ರೇಷ್ಮಿ ಹಾಸು ಬ್ಯಾರೆ. ಒಂದೊಂದ ಎಳಿ ಕುಣಿಕಿ ಮಾಡಿ ಒಂದಕ್ಕೊಂದು ಸಿಗಸ್ತಾರ. ಅದಕ್ಕ ಇಳಕಲ್ ಹಾಸು ಒಂದು ಸೀರಿಗೆ ಒಂದೇ, ಮುಂದಿನ ಸೀರಿಗೆ ಮತ್ತ ಮೊದಲಿನಿಂದ. ನಮ್ಮನ್ಯಾಗ ಆ ಕೊಂಡಿ ಹಾಕೋದು ನಮ್ಮವ್ವ. ಅಪ್ಪ ಮಗ್ಗದಾಗ ಇಳಿಯೋ ಹೊತ್ತಿಗೆ ಅರ್ಧ ಸೀರಿ ಅವ್ವ ಮುಗಿಸಿರ್ತಾಳ. ಫೋಟೋದಾಗ ಆಕಿ ಚಾ ತಗೊಂಡು ಬರಾಕಿ ಆಗ್ಯಾಳ ಅಷ್ಟ. ನಾನೂ ಆಕಿನ್ನ ಇಲ್ಲೀ ತನಕ ಕೇಳಿದಾವಲ್ಲ.

ಚೌಕಿ (ಉಡುಪಿ)

ಇವತ್ತೇ ಕೇಳಿ.

ನೂಲೆಳೆ (ಧಾರವಾಡ), ನಾಲ್ಕು ವಾರದ ನಂತರ

ಮೊದಲ ಕೂಟ ಆಯಿತು. ಬರೆಯಲು ತಡವಾಯಿತು, ಕ್ಷಮಿಸಿ.

ಇಪ್ಪತ್ತೊಂದು ಜನ ಬಂದಿದ್ದರು. ವೇದಿಕೆ ಹಾಕಲಿಲ್ಲ, ಜಮಖಾನೆ ಹಾಸಿದೆವು. ಗವಂಟಿ ಅಕ್ಕ ನಡುವೆ ಕೂತು, ಕಪ್ಪು ಬಟ್ಟೆ ಮೊಣಕಾಲ ಮೇಲೆ ಹಾಕಿಕೊಂಡು, ಮಾತಿಗೆ ಮೊದಲು ಸೂಜಿಗೆ ದಾರ ಹಾಕಿದರು. ದುಡಿಮೆಯ ಕವರನ್ನು ಅವರು ಬಂದ ತಕ್ಷಣವೇ ಕೊಟ್ಟಿದ್ದೆ. ಚೌಕಿಯವರು ಹೇಳಿದ ಹಾಗೆ ಎರಡು ಮೈಕು ಇಟ್ಟೆವು. ಮನೆಗೆ ಬಂದು ಕೇಳಿದರೆ ದಾರ ಬಟ್ಟೆಯಿಂದ ಎಳೆಯುವ ಸದ್ದು ಕೂಡ ಸಿಕ್ಕಿದೆ.

ಎಲ್ಲವೂ ಚೆನ್ನಾಗಿಯೇ ನಡೆಯಿತು ಅನ್ನಲಾರೆ. ಮೊದಲ ಕಾಲು ಗಂಟೆ ಒಬ್ಬ ಹಿರಿಯರು ಕಸೂತಿಯ ಇತಿಹಾಸವನ್ನು ಅವರೇ ಹೇಳತೊಡಗಿದರು, ಚಾಲುಕ್ಯರಿಂದ ಹಿಡಿದು. ನಿಲ್ಲಿಸುವುದು ನನಗೆ ಕಷ್ಟವಾಯಿತು. ಮುಂದಿನ ಸಲ ಶುರುವಿನಲ್ಲೇ ನಿಯಮ ಹೇಳುತ್ತೇನೆ. ಆಮೇಲೆ ಒಬ್ಬ ಹುಡುಗ, ಗಣಿತ ಎಂ.ಎಸ್ಸಿ. ಓದುತ್ತಿರುವವನು, "ನೀವು ಸೂಜಿ ಹಾಕುವ ಮೊದಲು ದಾರಿಯನ್ನು ಎಲ್ಲಿಂದ ಯೋಚಿಸುತ್ತೀರಿ, ಕೊನೆಯಿಂದಲೋ ಮೊದಲಿನಿಂದಲೋ?" ಅಂದ. ಅಕ್ಕ ಸೂಜಿ ನಿಲ್ಲಿಸಿದರು. "ಕವಲಿನಿಂದ" ಅಂದರು. ಅತಿ ದೂರದ ಕವಲು ಯಾವುದು ಅಂತ ಮೊದಲು ಹುಡುಕಿ, ಅಲ್ಲಿಂದ ಮನೆಗೆ ಬರುವ ದಾರಿ ಕಟ್ಟುತ್ತಾರಂತೆ. ಆ ಹುಡುಗ ನೋಟ್‌ಬುಕ್ಕಿನ ಚೌಕದ ಹಾಳೆ ಹರಿದು ಅವರ ಮುಂದಿಟ್ಟ. ಇಬ್ಬರೂ ಒಂದು ತುಳಸಿಕಟ್ಟೆಯನ್ನು ಬೆರಳಿನಲ್ಲಿ ನಡೆದು ನೋಡಿದರು. ಉಳಿದ ನಾವು ಬಗ್ಗಿ ನೋಡುತ್ತಿದ್ದೆವು. ಎರಡು ಸಲ ತಪ್ಪಿತು. ಅಕ್ಕ ತಪ್ಪಿದ ಕಡೆಯೇ ಹೆಚ್ಚು ವಿವರಿಸಿದರು.

ಹೋಗುವಾಗ ನನ್ನ ಕೈಗೆ ಒಂದು ಸಣ್ಣ ಬಟ್ಟೆ ಕೊಟ್ಟರು. ಅವರ ಅವ್ವ ಹಾಕಿದ ಅರ್ಧ ತೇರು, ವಾಪಸು ಬರುವ ಟಾಕಿಗಳು ಇನ್ನೂ ಬಾಕಿ. ತುಂಬಿ ಕೊಡು ಅಂದಿದ್ದಾರೆ. ನನಗೆ ದಾರಿ ಇನ್ನೂ ಸಿಕ್ಕಿಲ್ಲ.

ಕುಣಿಮಗ್ಗ ಅವರೇ, ನಿಮ್ಮಲ್ಲಿ ಏನಾಯಿತು?

ಕುಣಿಮಗ್ಗ (ಇಳಕಲ್)

ಅವ್ವನ್ನ ಕೇಳಿದ್ನಿರಿ. ಮೊದಲು "ನನ್ನದೇನ್ ಕೇಳ್ತಿ, ಅಪ್ಪನ್ನ ಕೇಳು" ಅಂದ್ಲು. ನಾ ಸುಮ್ನ ಬಾಜೂಕ್ಕ ಕುಂತು, "ಎಳಿ ತುಂಡಾದ್ರ ಏನ್ ಮಾಡ್ತಿ" ಅಂದೆ. ರಾತ್ರಿ ಹನ್ನೊಂದರ ತನಕ ಹೇಳಿದ್ಲು. ಅಪ್ಪನೂ ಬಂದು ಕುಂತ ಕೇಳಿದ.

ಅಕಿ ಧಾರವಾಡಕ್ಕ ಬರಾಂಗಿಲ್ಲ, ಹಾಸು ಬಿಟ್ಟು ಬರಾಕ ಆಗಂಗಿಲ್ಲ ಅಂತಾಳ. ನೀವ ಬರ್ರಿ ಅಂದಾಳ. ಎಂಟು ಮಂದಿಗಿಂತ ಹೆಚ್ಚಿಗಿ ಬ್ಯಾಡ, ಜಾಗ ಇಲ್ಲ. ರೊಟ್ಟಿ, ಬದನಿಕಾಯಿ ಪಲ್ಲೆ ಮಾಡ್ತಾಳಂತ. ಒಂದ ಷರತ್ತು: ಬಂದಾವ್ರು ಒಬ್ಬೊಬ್ರು ಒಂದೊಂದು ಕೊಂಡಿ ಹಾಕಬೇಕು, ಸರಿಯಾಗೋ ತನಕ ಊಟಕ್ಕ ಏಳಂಗಿಲ್ಲ.